ಪಿಯುಸಿ ಮುಗಿದಿದೆ, ತುರ್ತು ವೈದ್ಯಕೀಯ ಸೇವೆಯ ಡಿಪ್ಲೊಮಾಕ್ಕೆ ಯಾವ ಕಾಲೇಜು, ಯಾವ ಪುಸ್ತಕ?

ತಂಗಿ, ನೀವು ಕುಮಟಾದವರು, ನಾನು ಅಂಕೋಲಾ ತಾಲ್ಲೂಕಿನವಳು. ನೀಟ್‌ನಲ್ಲಿ ಸೀಟು ಸಿಗದ ಬೇಸರ, ಹತ್ತನೆಯವರೆಗೆ ಓದಿದ ಕನ್ನಡ ಮಾಧ್ಯಮ, ರಾತ್ರಿ ಪಾಳಿ ಎಂದರೆ ಮುಖ ಸಣ್ಣ ಮಾಡುವ ಅಮ್ಮ, ಎಲ್ಲವೂ ನಮ್ಮ ಮನೆಯಲ್ಲೂ ನಡೆದದ್ದೇ. ಮಂಗಳೂರಿನ ಕಾಲೇಜೋ ಬೆಂಗಳೂರಿನದೋ, ಯಾವ ಪುಸ್ತಕ ಕೊಳ್ಳಲಿ ಎಂದು ಕೇಳಿದ್ದೀರಿ. ಆ ಎರಡು ಪ್ರಶ್ನೆಗಳನ್ನೇ ಹಿಡಿದುಕೊಂಡು ಹೋಗಿ ನನ್ನ ಒಂದು ವರ್ಷ ಹಾಳಾಯಿತು. ಅದು ಹೇಗೆಂದು ಮೊದಲು ಹೇಳುತ್ತೇನೆ.

ನಾನು ಸೇರಿದ ಕಾಲೇಜಿಗೆ ಹೆಸರಿತ್ತು, ಹಾಸ್ಟೆಲ್ ಇತ್ತು, ಪಾಠವೂ ಚೆನ್ನಾಗಿತ್ತು. ಇಂಗ್ಲಿಷಿನ ಅಳುಕು ಹೋಗಲೆಂದು ರಾತ್ರಿ ಕೂತು ಉರು ಹೊಡೆಯುತ್ತಿದ್ದೆ. ಶಾಕ್‌ನಲ್ಲಿ (ಮೈಯ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಎಷ್ಟು ಬಗೆ, ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೊ ಕೋಮಾ ಮಾಪಕದಲ್ಲಿ 3ರಿಂದ 15ರವರೆಗೆ ಅಂಕ ಕೊಡುವುದು ಹೇಗೆ, ಹೃದಯ ನಿಂತವರ ಎದೆ ಒತ್ತುವಾಗ ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್, 30 ಒತ್ತಿಗೆ 2 ಉಸಿರು, ಎಲ್ಲ ಬಾಯಿಪಾಠ. ಅಂಕಗಳು ಬಂದವು. ಅಪ್ಪ ಊರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಆಸ್ಪತ್ರೆಯ ಪೋಸ್ಟಿಂಗ್ ಶುರುವಾದಾಗ ಕೈಗೊಂದು ಲಾಗ್‌ಬುಕ್ ಕೊಟ್ಟರು. ಅದರಲ್ಲಿ ಮೂರು ಕಲಂ: ನೋಡಿದ್ದು, ಸಹಾಯ ಮಾಡಿದ್ದು, ಸ್ವತಃ ಮಾಡಿದ್ದು. ಐವಿ ಹಾಕುವುದು (ಔಷಧಿ, ದ್ರವ ಕೊಡಲು ರಕ್ತನಾಳಕ್ಕೆ ಸಣ್ಣ ನಳಿಗೆ ಸೇರಿಸುವುದು), ಇಸಿಜಿ ತೆಗೆಯುವುದು, ಗಂಟಲಿನ ಕಫ ಹೀರಿ ತೆಗೆಯುವುದು, ಹೆರಿಗೆಗೆ ನಿಲ್ಲುವುದು, ಹೀಗೆ ಪ್ರತಿಯೊಂದಕ್ಕೂ ಇಂತಿಷ್ಟು ಎಂದು ಲೆಕ್ಕ. ಮೇಲ್ವಿಚಾರಕರ ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನಾನು ನೋಡಿದ್ದನ್ನು ‘ಸ್ವತಃ ಮಾಡಿದ್ದು’ ಕಲಂನಲ್ಲಿ ಬರೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾರೂ ಮೋಸ ಮಾಡುತ್ತೇನೆ ಎಂದುಕೊಂಡು ಈ ಕೆಲಸ ಮಾಡುವುದಿಲ್ಲ. ಕ್ಯಾಶುವಲ್ಟಿಯಲ್ಲಿ ಒಬ್ಬ ರೋಗಿಯ ಸುತ್ತ ಇಂಟರ್ನ್‌ಗಳು, ನರ್ಸಿಂಗ್ ಮಕ್ಕಳು, ನಾವು, ಎಲ್ಲರೂ ಮುತ್ತಿಕೊಂಡಿರುತ್ತೇವೆ. ಐವಿ ಹಾಕಬೇಕು ಎಂದು ವೈದ್ಯರು ಹೇಳಿ ಮುಗಿಸುವುದರೊಳಗೆ ಇಂಟರ್ನ್ ಹಾಕಿ ಆಗಿರುತ್ತದೆ. ಸಿಸ್ಟರ್‌ಗೆ ಉಸಿರು ಬಿಡಲು ಹೊತ್ತಿಲ್ಲ, ನಾನು ಹೋಗಿ ಕೇಳಿದರೆ ಗದರುತ್ತಾರೆ ಎಂದು ಭಯ. ತಪ್ಪಾಗಿ ಚುಚ್ಚಿದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕಲ್ಲ ಎಂಬ ನಾಚಿಕೆ ಬೇರೆ. ಹಾಗಾಗಿ ಗೋಡೆಗೆ ಒರಗಿ ನಿಂತೆ. ವಾರ ಕಳೆದಂತೆ ಖಾಲಿ ಕಲಂ ಹೆದರಿಸತೊಡಗಿತು. ಎಲ್ಲರೂ ಹೀಗೇ ತುಂಬಿಸುವುದು, ಕೆಲಸಕ್ಕೆ ಸೇರಿದ ಮೇಲೆ ಕೈ ತಾನಾಗಿ ಕೂರುತ್ತದೆ ಎಂದು ಹಿರಿಯರು ಧೈರ್ಯ ಹೇಳಿದರು. ಮೇಲ್ವಿಚಾರಕರು ಪುಸ್ತಕಗಳ ರಾಶಿ ಇಟ್ಟುಕೊಂಡು ಒಂದೇ ಏಟಿಗೆ ಸಹಿ ಹಾಕಿದರು. ಥಿಯರಿಯಲ್ಲಿ ಅಂಕ ಬರುತ್ತಿದ್ದುದರಿಂದ ನನಗೂ ಕೆಲಸ ಗೊತ್ತು ಎಂದೇ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಡಿಪ್ಲೊಮಾ ಕೈಗೆ ಬಂದ ಮೇಲೆ ಆಂಬುಲೆನ್ಸ್ ಸೇವೆಯೊಂದರ ಆಯ್ಕೆಗೆ ಹೋದೆ. ಲಿಖಿತ ಪರೀಕ್ಷೆ ಸಲೀಸಾಗಿ ಮುಗಿಯಿತು. ಆಮೇಲೆ ತರಬೇತಿಯ ಗೊಂಬೆಯೊಂದನ್ನು ತೋರಿಸಿ, ಉಸಿರು ನಿಂತಿದೆ, ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡಿ ಎಂದರು. ಮುಖಕ್ಕೆ ಮಾಸ್ಕ್ ಇಟ್ಟು, ಅದಕ್ಕೆ ಜೋಡಿಸಿದ ಚೀಲ ಹಿಂಡಿ ಗಾಳಿ ಕೊಡುವ ಸಾಧನ ಅದು. ಹೆಬ್ಬೆರಳು, ತೋರುಬೆರಳುಗಳಿಂದ ಮಾಸ್ಕನ್ನು ಸುತ್ತುವರಿದು ಹಿಡಿಯಬೇಕು, ಉಳಿದ ಮೂರು ಬೆರಳುಗಳನ್ನು ದವಡೆಯ ಮೂಳೆಗೆ ಕೊಕ್ಕೆಯಂತೆ ಸಿಕ್ಕಿಸಬೇಕು, ದವಡೆಯನ್ನು ಮಾಸ್ಕಿನತ್ತ ಮೇಲಕ್ಕೆ ಎತ್ತಬೇಕು. ಈ ವಾಕ್ಯ ನನಗೆ ಕಂಠಪಾಠವಿತ್ತು. ಆದರೆ ಗಾಬರಿಯಲ್ಲಿ ನಾನು ಮಾಸ್ಕನ್ನೇ ಮುಖದ ಮೇಲೆ ಕೆಳಕ್ಕೆ ಒತ್ತಿದೆ. ಹಾಗೆ ಒತ್ತಿದರೆ ಗದ್ದ ತಗ್ಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ಬ್ಯಾಗ್ ಹಿಂಡಿದೆ, ಬದಿಯಿಂದ ಗಾಳಿ ಸೋರಿತು, ಎದೆ ಏಳಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ. ನಿಜವಾದ ರೋಗಿಯಾಗಿದ್ದರೆ ಆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತಿತ್ತು, ಅದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು ಎಂದು ಪರೀಕ್ಷಕರು ಶಾಂತವಾಗಿಯೇ ಹೇಳಿದರು. ನನ್ನ ಲಾಗ್‌ಬುಕ್ ಅವರ ಮೇಜಿನ ಮೇಲೇ ತೆರೆದಿತ್ತು.

ಕೆಲಸ ಸಿಗಲಿಲ್ಲ. ಅಪ್ಪ ಸೊಸೈಟಿಯಲ್ಲಿ ತೆಗೆದ ಸಾಲದ ಕಂತು ಶುರುವಾಗಿತ್ತು. ನಮ್ಮ ಕರಾವಳಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಸಂಬಳವಿಲ್ಲದೆ ಹೆಚ್ಚುಕಡಿಮೆ ಒಂದು ವರ್ಷ ನಿಂತು, ಎರಡು ವರ್ಷದಲ್ಲಿ ಕಲಿಯಬೇಕಾಗಿದ್ದನ್ನು ಕಲಿತೆ. ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ದವಡೆ ಎತ್ತಿಸಿದ ದಿನ ರೋಗಿಯ ಎದೆ ಏಳುವುದು ಕಂಡಿತು. ಒಂದು ಸೆಕೆಂಡಿನಷ್ಟು ಮೆಲ್ಲಗೆ ಹಿಂಡಬೇಕು, ಎದೆ ಎದ್ದದ್ದು ಕಂಡೊಡನೆ ಬಿಡಬೇಕು, ಆರು ಸೆಕೆಂಡಿಗೊಮ್ಮೆ ಸಾಕು. ಕೈಗೆ ಅದು ಒಮ್ಮೆ ಗೊತ್ತಾದ ಮೇಲೆ ಮರೆಯುವುದಿಲ್ಲ.

ಹಾಗೆಂದು ಥಿಯರಿ ಬೇಡವೆನ್ನುತ್ತಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಶಿರಸಿ ಸೀಮೆಯ ತೋಟವೊಂದರಿಂದ ಕರೆ ಬಂತು. ಅಡಿಕೆ ಕೊಯ್ಲಿನ ಕಾಲ, ಕೊನೆಗೌಡರೊಬ್ಬರು (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಮರದಿಂದ ಮರಕ್ಕೆ ದಾಟುವಾಗ ಬಿದ್ದಿದ್ದರು. ನಾವು ತಲುಪುವಷ್ಟರಲ್ಲಿ ಇಬ್ಬರು ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸುವುದರಲ್ಲಿದ್ದರು, ಇನ್ನೊಬ್ಬರ ಕೈಯಲ್ಲಿ ನೀರಿನ ಚೊಂಬು. ಎರಡನ್ನೂ ತಡೆದು ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದುಕೊಂಡೆ. ನಮ್ಮ ಪೈಲಟ್, ಅಂದರೆ ಆಂಬುಲೆನ್ಸ್ ಚಾಲಕರು, ಬಿಪಿ ಪಟ್ಟಿ ಕಟ್ಟಿದರು. ಮೇಲಿನ ಅಂಕಿ ತೊಂಬತ್ತಕ್ಕಿಂತ ಕೆಳಗಿತ್ತು. ರಕ್ತ ಸೋರಿ ಬಿಪಿ ಇಳಿದಿದ್ದರೆ ನಾಡಿ ಓಡಬೇಕು, ಕೈಕಾಲು ತಣ್ಣಗೆ ಬೆವರಬೇಕು. ಇವರ ನಾಡಿ ನಿಧಾನವಾಗಿತ್ತು, ಕಾಲಿನ ಚರ್ಮ ಬೆಚ್ಚಗೆ, ಒಣಗಿಕೊಂಡಿತ್ತು. ಪಾದ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಬರುವ ಶಾಕ್ ಅದು. ನಾನು ಕಂಠಪಾಠ ಮಾಡಿದ ಪಟ್ಟಿಯಲ್ಲಿ ಇದೇ ಸಾಲಿತ್ತು, ಆದರೆ ಅದರ ಅರ್ಥ ತಿಳಿದದ್ದು ಆ ಬೆಚ್ಚಗಿನ ಕಾಲಿನ ಮೇಲೆ ಅಂಗೈ ಇಟ್ಟಾಗ. ಹೊಟ್ಟೆಯೊಳಗೆ ರಕ್ತಸ್ರಾವವೂ ಇರಬಹುದೆಂದು ಹೊಟ್ಟೆ, ಸೊಂಟ ಪರೀಕ್ಷಿಸಿ, ಆಂಬುಲೆನ್ಸ್ ಸೇವೆಯ ಕಾಲ್ ಸೆಂಟರಿನ ವೈದ್ಯರಿಗೆ ಫೋನ್‌ನಲ್ಲಿ ಎಲ್ಲ ತಿಳಿಸಿ ಅವರು ಹೇಳಿದಂತೆ ನಡೆದೆ. ನಾಲ್ಕು ಜನರನ್ನು ನಿಲ್ಲಿಸಿ, ಎಣಿಸಿ, ತಲೆಯಿಂದ ಕಾಲಿನವರೆಗೆ ಮೈ ಒಂದೇ ದಿಮ್ಮಿಯಂತೆ ಹೊರಳಿಸಿ ಹಲಗೆಗೆ ಕಟ್ಟಿದೆವು. ತೋಟದ ಸಂಕ (ಕಾಲುಸೇತುವೆ) ದಾಟಿಸಲು ಹಿಡಿದ ಹೊತ್ತೇ ಹೆಚ್ಚು. ಶಿರಸಿಯಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ದಾರಿಯುದ್ದಕ್ಕೂ ಉಸಿರಾಟ ನೋಡುತ್ತ, ಮೈ ತಣ್ಣಗಾಗದಂತೆ ಕಂಬಳಿ ಹೊದಿಸಿಕೊಂಡು ಹೋದೆವು.

ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ನಾನು ಹೇಳಬೇಕಿಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ ಗಂಭೀರ ರೋಗಿಗಳು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಲಿಮ್ ಹಾದಿ ಹಿಡಿಯುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ನಲ್ಲಿ ಮಳೆಗೆ ಜಾರಿ ಮಗುಚಿ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದಾಯಿತು. ಇಂಥ ಊರಿನಲ್ಲಿ ರೋಗಿಯ ಬದಿಯಲ್ಲಿ ಗಂಟೆಗಟ್ಟಲೆ ಇರುವವರು ನಾವೇ. ನಗರದಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ ಸಿಗುತ್ತದೆ, ಅರೆಬರೆ ಕಲಿತವರನ್ನು ಆ ಹತ್ತು ನಿಮಿಷ ಹೇಗೋ ದಾಟಿಸುತ್ತದೆ. ಅರಬೈಲು ಘಟ್ಟದಲ್ಲಿ ದಾಟಿಸುವುದಿಲ್ಲ.

ಇಲ್ಲಿ ಬರುವ ಕರೆಗಳೂ ಬೇರೆ. ಗೋಕರ್ಣ, ಮುರುಡೇಶ್ವರಗಳಲ್ಲಿ ಮುಳುಗಿದವರ ಹೊಟ್ಟೆ ಒತ್ತಿ ನೀರು ತೆಗೆಯಲು ಜನ ಮುಗಿಬೀಳುತ್ತಾರೆ. ಅವರಿಗೆ ಮೊದಲು ಬೇಕಾದದ್ದು ಉಸಿರು. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿದು ತರುತ್ತಾರೆ; ಬಿಗಿಯಬಾರದಿತ್ತು, ಆದರೆ ಬಿಗಿದದ್ದನ್ನು ದಾರಿಯಲ್ಲಿ ಏಕಾಏಕಿ ಬಿಚ್ಚಲೂಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ನಮ್ಮ ಪ್ರತಿವಿಷ ತಯಾರಾಗುತ್ತದೆ. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಸಕ್ಕರೆ ಕಾಯಿಲೆಯ ಅಜ್ಜ ಗ್ಯಾಸ್ ಆಗಿದೆ ಎಂದು ಸೋಡಾ ಕುಡಿದು ಮಲಗಿರುತ್ತಾರೆ, ಇಸಿಜಿ ತೆಗೆದರೆ ಹೃದಯಾಘಾತ. ಆ ಅಜ್ಜನಿಂದ ನೋವು ಯಾವಾಗ ಶುರುವಾಯಿತು, ಎಲ್ಲಿಗೆ ಹರಿಯುತ್ತದೆ ಎಂದು ಹೊರಡಿಸಲು ಇಂಗ್ಲಿಷ್ ಬೇಡ, ಮನೆಯವರ ಮಾತು ಬೇಕು. ನಿಮಗೆ ಕನ್ನಡದ ಜೊತೆ ಕೊಂಕಣಿಯೂ ಬರುತ್ತದೆ ಎಂದು ಬರೆದಿದ್ದೀರಿ. ಅದು ನಿಮ್ಮ ಬಲ, ಅಳುಕಬೇಡಿ. ಪದಗಳು ಆರು ತಿಂಗಳಲ್ಲಿ ಬಾಯಿಗೆ ಬರುತ್ತವೆ.

ಆದ್ದರಿಂದ ಮಂಗಳೂರೋ ಬೆಂಗಳೂರೋ ಎಂಬುದಕ್ಕೆ ನಾನು ಉತ್ತರಿಸುವುದಿಲ್ಲ. ಪುಸ್ತಕ ಕಾಲೇಜು ಹೇಳಿದ್ದನ್ನೇ ಕೊಳ್ಳಿ, ಹಳೆಯ ಪ್ರತಿಯಾದರೂ ಸಾಕು. ಪ್ಯಾರಾಮೆಡಿಕಲ್ ಕಾಲೇಜು ಎಂಬ ಬೋರ್ಡು ನೋಡಿ ಒಳಗೆ ಹೋದರೆ ಲ್ಯಾಬ್, ಎಕ್ಸ್‌ರೇ ಕೋರ್ಸಿಗೆ ಸೇರಿಸಿ ಎಲ್ಲ ಒಂದೇ ಎನ್ನುವವರಿದ್ದಾರೆ; ಒಂದೇ ಅಲ್ಲ. ಆರು ತಿಂಗಳಲ್ಲಿ ಡಿಪ್ಲೊಮಾ ಎನ್ನುವವರ ಹತ್ತಿರ ಸುಳಿಯಲೇಬೇಡಿ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕೇಂದ್ರ ಕಾಯ್ದೆಯ ಪ್ರಕಾರ ಇಂಥ ಕೋರ್ಸು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿ ಕನಿಷ್ಠ 2,000 ಗಂಟೆಗಳದ್ದಾಗಿರಬೇಕು. ಮಾನ್ಯತೆಯ ಪತ್ರವನ್ನು ಕೇಳಿ ನೋಡಿ, ಅದರಲ್ಲಿ ನಿಮ್ಮ ಕೋರ್ಸಿನ ಹೆಸರೂ ಈ ವರ್ಷವೂ ಇರಲಿ. ವೈದ್ಯಳಾಗಲು ಆಗಲಿಲ್ಲ, ಇದಾದರೂ ಇರಲಿ ಎಂದುಕೊಂಡು ಸೇರುವುದಾದರೆ ದಯವಿಟ್ಟು ಬೇಡ. ಹಾಗೆ ಬಂದವರು ಗೋಡೆಗೆ ಒರಗಿಯೇ ನಿಲ್ಲುತ್ತಾರೆ, ನನ್ನ ಜೊತೆ ನಿಂತವರನ್ನು ನೋಡಿದ್ದೇನೆ. ಸಂಬಳ ಶುರುವಿನಲ್ಲಿ ಕಡಿಮೆ, ಹೆಚ್ಚಿನ ಕೆಲಸ ಗುತ್ತಿಗೆಯದು. ಅದನ್ನೂ ತಿಳಿದುಕೊಂಡೇ ಬನ್ನಿ.

ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ತುರ್ತು ವಿಭಾಗ ರಾತ್ರಿಯೂ ನಡೆಯುತ್ತದೆಯೇ, ಆಂಬುಲೆನ್ಸಿನಲ್ಲಿ ಕೂರಿಸಿ ಕಳಿಸುತ್ತಾರೆಯೇ, ಹೆರಿಗೆ ವಾರ್ಡಿಗೆ ಬಿಡುತ್ತಾರೆಯೇ ಎಂದು ಕಚೇರಿಯಲ್ಲಿ ಕೇಳಿ. ಕಚೇರಿಯವರು ಎಲ್ಲದಕ್ಕೂ ಹೌದು ಎನ್ನಬಹುದು. ಹಾಗಾಗಿ ಹೊರಗೆ ಬಂದು ಕೊನೆಯ ವರ್ಷದ ಯಾರನ್ನಾದರೂ ಹಿಡಿದು, ನೀವೇ ಕೈಯಾರೆ ಹಾಕಿದ ಮೊದಲ ಐವಿಯ ಬಗ್ಗೆ ಹೇಳಿ ಎನ್ನಿ. ಮಾಡಿದವರು ಯಾವ ಕೈ, ಯಾವ ನರ, ಎಷ್ಟು ಸಲ ತಪ್ಪಿತು ಎಂದೆಲ್ಲ ಹೇಳತೊಡಗುತ್ತಾರೆ. ಮಾಡದವರು ಅಲ್ಲಿ ಹಾಸ್ಟೆಲ್ ಊಟ ಚೆನ್ನಾಗಿದೆ ಎನ್ನುತ್ತಾರೆ. ಅಮ್ಮನನ್ನೂ ಕರೆದುಕೊಂಡು ಹೋಗಿ. ರಾತ್ರಿ ಪೋಸ್ಟಿಂಗ್‌ಗೆ ಹುಡುಗಿಯರನ್ನು ಹೇಗೆ ಕರೆದೊಯ್ಯುತ್ತಾರೆ, ಜೊತೆಗೆ ಯಾರಿರುತ್ತಾರೆ, ಬೆಳಿಗ್ಗೆ ಹಾಸ್ಟೆಲ್‌ಗೆ ಬಿಡುವವರು ಯಾರು ಎಂದು ಅವರೇ ಕೇಳಲಿ.