ಜಾಂಬಿಯಾದ ನಾಯಕರಿಗಾಗಿ ಏನೆಂದು ಪ್ರಾರ್ಥಿಸಲಿ?

ಪ್ರಶ್ನೆ: ಸಿಸ್ಟರ್, ನಮ್ಮ ಪ್ರಾರ್ಥನಾ ಕೂಟದಲ್ಲಿ ತಿಂಗಳಿಗೊಂದು ದೇಶಕ್ಕಾಗಿ ಪ್ರಾರ್ಥಿಸುತ್ತೇವೆ. ಈ ಸಲ ಆಫ್ರಿಕಾದ ಜಾಂಬಿಯಾ. ನಡೆಸುವ ಸರದಿ ನನ್ನದು. ಜನರಿಗಾಗಿ ಬೇಡಿಕೊಳ್ಳುವುದು ಸುಲಭ, ನಾಯಕರ ವಿಷಯಕ್ಕೆ ಬಂದರೆ ಬಾಯಿ ಕಟ್ಟುತ್ತದೆ. ದುಡ್ಡು ತಿನ್ನುವವರನ್ನೂ 'ಆಶೀರ್ವದಿಸು ಕರ್ತನೇ' ಅನ್ನಬೇಕಾ? ಹೆಸರು ಹೇಳಬೇಕಾ? ಅದು ಕ್ರೈಸ್ತ ರಾಷ್ಟ್ರ ಅಂತ ಬೇರೆ ಹೇಳುತ್ತಾರೆ.
— ಓದುಗರೊಬ್ಬರು

ಉತ್ತರ: ಈ ಪ್ರಶ್ನೆ ಸರಿಯಾದ ವಿಳಾಸಕ್ಕೇ ಬಂದಿದೆ. ನಾನು ಜಾಂಬಿಯಾದಲ್ಲಿ ಮಕ್ಕಳಿಗೆ ಗಣಿತ ಕಲಿಸಿದವಳು.

1990ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಮುಸುಕಿನ ಜೋಳದ ಹಿಟ್ಟಿನ ಬೆಲೆಯನ್ನು ಒಮ್ಮೆಗೇ ಎರಡು ಪಟ್ಟಿಗಿಂತ ಜಾಸ್ತಿ ಮಾಡಿತು. ಆ ಹಿಟ್ಟಿನಿಂದಲೇ ಎನ್‌ಶಿಮಾ ಎಂಬ ಮುದ್ದೆ ಮಾಡುತ್ತಾರೆ. ಅದಿಲ್ಲದಿದ್ದರೆ ಅಲ್ಲಿಯವರಿಗೆ ಊಟವೇ ಆದಂತಲ್ಲ. ಗಲಭೆಯಾಯಿತು, ಜನ ಸತ್ತರು. ನಮ್ಮ ಚರ್ಚಿನ ಹೆಂಗಸರು ಅಧ್ಯಕ್ಷ ಕೆನೆತ್ ಕೌಂಡಾಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಪ್ರಾರ್ಥನೆಯ ಧಾಟಿ ಬದಲಾಯಿತು. 'ಕರ್ತನೇ, ನಮ್ಮ ಹಿಟ್ಟಿನ ಡಬ್ಬಿ ಅವರ ಕಣ್ಣಿಗೆ ಬೀಳುವಂತೆ ಮಾಡು' ಎಂದು ಒಬ್ಬಾಕೆ ಗಟ್ಟಿಯಾಗಿಯೇ ಬೇಡಿದರು. ಆಶೀರ್ವಾದ ಅಂದರೆ ಹಾರ ಹಾಕುವುದಲ್ಲ ಅಲ್ವಾ? ನೀವೂ ಹೀಗೆಯೇ ಬೇಡಬಹುದು.

ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಎಂದು 1 ತಿಮೊಥೆ 2ರಲ್ಲಿ ಬರೆದಾಗ ರೋಮಿನ ಚಕ್ರವರ್ತಿ ಕ್ರೈಸ್ತನಾಗಿರಲಿಲ್ಲ. ಒಳ್ಳೆಯವರು ಅಂತ ಸರ್ಟಿಫಿಕೇಟ್ ಕೊಟ್ಟು ಪ್ರಾರ್ಥಿಸಿ ಅಂತ ಅಲ್ಲಿಲ್ಲ. ಏನು ಬೇಡಬೇಕು ಅನ್ನುವುದಕ್ಕೆ 72ನೇ ಕೀರ್ತನೆ ಓದಿ. ಅರಸ ಬಡವರಿಗೆ ನ್ಯಾಯ ಕೊಡಲಿ, ಹಿಂಸಿಸುವವರನ್ನು ಜಜ್ಜಲಿ ಎಂದು ಅಲ್ಲಿ ಬೇಡುತ್ತಾರೆ. ಕೂಟದಲ್ಲಿ ಮೊದಲು ಅದನ್ನೇ ಓದಿಸಿ.

'ಕ್ರೈಸ್ತ ರಾಷ್ಟ್ರ' ಎಂಬ ಮಾತಿಗೆ ಹಿಂದಿನದೊಂದು ಕಥೆಯಿದೆ. 1991ರ ಜುಲೈನಲ್ಲಿ ಕೌಂಡಾ ಮತ್ತು ವಿರೋಧ ಪಕ್ಷದ ಫ್ರೆಡರಿಕ್ ಚಿಲುಬಾ ಮುಖ ಕೊಟ್ಟು ಮಾತಾಡದ ಸ್ಥಿತಿ. ಆಗ ಚರ್ಚ್ ನಾಯಕರು ಇಬ್ಬರನ್ನೂ ರಾಜಧಾನಿ ಲುಸಾಕಾದ ಆಂಗ್ಲಿಕನ್ ಕೆಥೆಡ್ರಲ್‌ಗೆ ಕರೆಸಿ ಕೂರಿಸಿದರು. ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. 1964ರಿಂದ ಆಳಿದ್ದ ಕೌಂಡಾ ಸೋತು ಸುಮ್ಮನೆ ಮನೆಗೆ ಹೋದರು. ನನ್ನ ಪ್ರಕಾರ, ಆ ದೇಶದ ಕ್ರೈಸ್ತ ಸಭೆಗಳು ಮಾಡಿದ ದೊಡ್ಡ ಕೆಲಸ ಅದೇ. ಅದೇ ಡಿಸೆಂಬರ್ 29ಕ್ಕೆ, ಗೆದ್ದು ಅಧ್ಯಕ್ಷರಾಗಿದ್ದ ಚಿಲುಬಾ ದೇಶವನ್ನು ಕ್ರೈಸ್ತ ರಾಷ್ಟ್ರವೆಂದು ಘೋಷಿಸಿದರು. ಪ್ರಮುಖ ಸಭೆಗಳನ್ನು ಮೊದಲು ಕೇಳಿಯೂ ಇರಲಿಲ್ಲ. 1996ರಲ್ಲಿ ಅದು ಸಂವಿಧಾನದ ಪೀಠಿಕೆಗೂ ಸೇರಿತು. ಮುಂದೆ 2007ರಲ್ಲಿ, ಸರ್ಕಾರದ ಹಣ ಲಪಟಾಯಿಸಿದ ಪ್ರಕರಣದಲ್ಲಿ ಇದೇ ಚಿಲುಬಾ ಹೊಣೆಗಾರರೆಂದು ಲಂಡನ್ ಕೋರ್ಟ್ ತೀರ್ಪು ಕೊಟ್ಟಿತು. 2009ರಲ್ಲಿ ಜಾಂಬಿಯಾದ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು, ಅದನ್ನೂ ಹೇಳಬೇಕು. 'ಕ್ರೈಸ್ತ ರಾಷ್ಟ್ರ' ಎಂಬ ಬೋರ್ಡ್ ನೋಡಿ ಪ್ರಾರ್ಥನೆ ಕಡಿಮೆ ಮಾಡಬೇಡಿ, ಇಷ್ಟೇ. 2015ರಿಂದ ಅಲ್ಲಿ ಅಕ್ಟೋಬರ್ 18 ರಾಷ್ಟ್ರೀಯ ಪ್ರಾರ್ಥನೆ, ಉಪವಾಸದ ದಿನ. ಬೇಕಾದರೆ ನಿಮ್ಮ ಕೂಟ ಆ ದಿನವೂ ಸೇರಬಹುದು.

ಈಗ ಹೆಸರಿನ ವಿಷಯ. ಹೇಳಿ, ಖಂಡಿತ ಹೇಳಿ. ಆದರೆ ಕುರ್ಚಿಯಲ್ಲಿ ಕೂತವರದ್ದು ಮಾತ್ರ ಅಲ್ಲ. 2021ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಹಕೈಂಡೆ ಹಿಚಿಲೆಮಾ 2017ರಲ್ಲಿ ದೇಶದ್ರೋಹದ ಆರೋಪ ಹೊತ್ತು ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಆಗ ಕ್ಯಾಥೊಲಿಕ್ ಬಿಷಪ್‌ಗಳು ಸರ್ಕಾರವನ್ನು ಬಹಿರಂಗವಾಗಿಯೇ ಟೀಕಿಸಿದರು. ವಿರೋಧ ಪಕ್ಷದವರು, ನ್ಯಾಯಾಧೀಶರು, ಜೈಲಿನಲ್ಲಿರುವವರು, ಎಲ್ಲರೂ ಪಟ್ಟಿಯಲ್ಲಿರಲಿ.

ಜನರಿಗಾಗಿ ಬೇಡುವುದು ಸುಲಭ ಅಂದಿರಿ. 'ಬಡವರನ್ನು ಕಾಪಾಡು' ಅಂತ ಸುಮ್ನೆ ಮುಗಿಸಿದರೆ ಸುಲಭವೇ! 2024ರಲ್ಲಿ ಬರ ಬಂದು, ಬಿತ್ತಿದ ಮುಸುಕಿನ ಜೋಳದ ಸುಮಾರು ಅರ್ಧ ಒಣಗಿತು. ವಿದ್ಯುತ್ ಕೊಡುವ ಕರೀಬಾ ಜಲಾಶಯದ ನೀರಿಳಿದು ದಿನದ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ತಾಮ್ರದ ಗಣಿಯೊಂದರ ತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರು ಕಫ್ಯೂ ನದಿಗೆ ಹರಿಯಿತು, ಮೀನು ಸತ್ತವು. 2020ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದ ದೇಶ ಅದು. ಮಳೆ ದೇವರ ಕೈಯಲ್ಲಿದೆ ಸರಿ. ಗಣಿಯ ಪರವಾನಗಿ, ಸಾಲದ ಕರಾರು, ಗೊಬ್ಬರ ಹಂಚಿಕೆ ಎಲ್ಲ ಸಹಿ ಹಾಕುವವರ ಕೈಯಲ್ಲಿದೆ. ಜನರ ಪ್ರಾರ್ಥನೆ ಬೇರೆ, ನಾಯಕರ ಪ್ರಾರ್ಥನೆ ಬೇರೆ ಅಂತ ಮಾಡಬೇಡಿ. ಕಫ್ಯೂ ದಡದ ಮೀನುಗಾರರಿಗಾಗಿ ಬೇಡಿ, ಅದೇ ಉಸಿರಿನಲ್ಲಿ ಗಣಿ ತಪಾಸಣೆಯ ಅಧಿಕಾರಿಗಳಿಗೆ ಧೈರ್ಯ ಕೊಡು ಅನ್ನಿ.