ಸರ್ಕಾರಿ ಜೂನಿಯರ್ ಕಾಲೇಜು ಹೈಸ್ಕೂಲ್ ಆವರಣದಲ್ಲೇ ಯಾಕಿರುತ್ತದೆ?

ನಿಮ್ಮ ತಾಲ್ಲೂಕಿನ ಸರ್ಕಾರಿ ಜೂನಿಯರ್ ಕಾಲೇಜಿಗೆ ಬೇರೆ ಜಾಗ ಯಾಕೆ ಕೊಡಲಿಲ್ಲ ಎಂದು ಕೇಳಿದ್ದೀರಿ. ನಾನು ಓದಿದ್ದೂ ಅಂಥದ್ದೇ ಕಾಲೇಜಿನಲ್ಲಿ. ಬಹಳಷ್ಟು ಊರುಗಳಲ್ಲಿ ಹೈಸ್ಕೂಲೇ ಬೆಳೆದು ಕಾಲೇಜಾಗಿದೆ, ಅದಕ್ಕೇ ಹಾಗೆ.

ಮೊದಲು ಇದ್ದದ್ದು ಇಂಟರ್‌ಮೀಡಿಯೆಟ್, ಅಂದರೆ ಹೈಸ್ಕೂಲ್ ಮುಗಿಸಿದ ಮೇಲೆ ಡಿಗ್ರಿಗೆ ಮುಂಚಿನ ಓದು. ಅದು ವಿಶ್ವವಿದ್ಯಾಲಯದ ಕೈಯಲ್ಲಿತ್ತು, ಕಾಲೇಜುಗಳೂ ದೊಡ್ಡ ಊರುಗಳಲ್ಲೇ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು 1940ರಲ್ಲಿ ಶುರುವಾಗಿದ್ದು ಇಂಟರ್‌ಮೀಡಿಯೆಟ್ ಕಾಲೇಜಾಗಿಯೇ. ಹಳ್ಳಿ ಹುಡುಗ ಮುಂದೆ ಓದಬೇಕೆಂದರೆ ಹಾಸ್ಟೆಲ್ ಸಿಗಬೇಕು, ಇಲ್ಲವೇ ನೆಂಟರ ಮನೆ. ಹುಡುಗಿಯರ ಓದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೆ ಒಂದು ವರ್ಷದ ಪಿಯುಸಿ ಬಂತು. ಕೇಂದ್ರ ಸರ್ಕಾರ ನೇಮಿಸಿದ್ದ ಶಿಕ್ಷಣ ಆಯೋಗ, ಅಂದರೆ ಕೊಠಾರಿ ಆಯೋಗ (1964-66), ಶಾಲೆಗೆ ಹತ್ತು, ಆಮೇಲೆ ಎರಡು, ಡಿಗ್ರಿಗೆ ಮೂರು ವರ್ಷಗಳ ಲೆಕ್ಕ ಹೇಳಿ, ನಡುವಿನ ಆ ಹಂತವನ್ನು ವಿಶ್ವವಿದ್ಯಾಲಯದಿಂದ ಬಿಡಿಸಿ ಶಾಲೆಯ ಕಡೆಗೆ ತನ್ನಿ ಎಂದಿತು. ನಮ್ಮಲ್ಲಿ 1970ರ ದಶಕದ ಆರಂಭದಲ್ಲಿ ಎರಡು ವರ್ಷದ ಪಿಯುಸಿ, ಅದಕ್ಕೊಂದು ಬೋರ್ಡ್ ಬಂದವು. ಹೈಸ್ಕೂಲುಗಳನ್ನು ಮೇಲ್ದರ್ಜೆಗೆ ಏರಿಸುವ ದಾರಿ ಸಲೀಸಾಯಿತು. ಕಟ್ಟಡ, ಮೈದಾನ ಆಗಲೇ ಇದ್ದವು, ಎರಡು ತರಗತಿ ಸೇರಿಸಿದರಾಯಿತು. ಇವತ್ತಿಗೂ ಇಂಥ ಕಡೆ ಹೈಸ್ಕೂಲ್ ವಿಭಾಗದ ಮುಖ್ಯಸ್ಥರು ಹೆಡ್‌ಮಾಸ್ಟರ್ ಅಲ್ಲ, ಉಪಪ್ರಾಂಶುಪಾಲರು! ಆ ಹುದ್ದೆಯ ಹೆಸರಿನಲ್ಲೇ ಇತಿಹಾಸ ಇದೆ.

ಆದರೆ ಈ ಬೆಳವಣಿಗೆ ಎಲ್ಲ ಕಡೆ ಒಂದೇ ಥರ ಆಗಲಿಲ್ಲ. ಕಲಾ ವಿಭಾಗಕ್ಕೆ ಕೋಣೆ, ಉಪನ್ಯಾಸಕರು ಇದ್ದರೆ ಸಾಕು. ವಿಜ್ಞಾನಕ್ಕೆ ಲ್ಯಾಬ್ ಬೇಕು, ಫಿಸಿಕ್ಸ್, ಮ್ಯಾಥ್ಸ್‌ಗೆ ಜನ ಬೇಕು. 1994ರಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬಂದ ಮೇಲೆ ಕೋಚಿಂಗ್ ಕೊಡುವ ಖಾಸಗಿ ಕಾಲೇಜುಗಳತ್ತ ಜನ ಜಾಸ್ತಿ ವಾಲಿದರು. ಸರ್ಕಾರ ಆಗಲೇ ತಾಲ್ಲೂಕು ಕಾಲೇಜುಗಳ ವಿಜ್ಞಾನ ವಿಭಾಗಕ್ಕೆ ಗಟ್ಟಿಯಾಗಿ ದುಡ್ಡು ಹಾಕಬೇಕಿತ್ತು ಅಂತ ನನ್ನ ಅನಿಸಿಕೆ. ಬಸ್ ಪಾಸ್ ಹಿಡಿದು ಬರುವ ಮಕ್ಕಳಿಗೆ ಬೇರೆ ಕಾಲೇಜು ಎಲ್ಲಿದೆ ಹೇಳಿ?

2018ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಮತ್ತೆ ಒಂದೇ ಆವರಣ.

ನಿಮ್ಮ ಕಾಲೇಜು ಯಾವ ವರ್ಷದ್ದು ಅಂತ ತಿಳಿಯಬೇಕಾದರೆ ಮಂಜೂರಾತಿ ಆದೇಶದ ಪ್ರತಿಯನ್ನು ಪ್ರಾಂಶುಪಾಲರ ಬಳಿ ಕೇಳಿ. ಅಲ್ಲಿ ಸಿಗದಿದ್ದರೆ ಜಿಲ್ಲೆಯ ಪಿಯು ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.