ಹವ್ಯಕ ಕವಿತೆ, ಊರ ಇತಿಹಾಸ: ಕರೆಯೋದು ಹೇಗೆ?

ಕಾಸರಗೋಡು ಕಡೆಯ ಬದಿಯಡ್ಕದ ಲೈಬ್ರರಿ ವಾರ್ಷಿಕೋತ್ಸವಕ್ಕೆ ಹವ್ಯಕ ಕನ್ನಡದ ಕವಿತೆ ಓದುವವರು, ಊರ ಇತಿಹಾಸ ಹೇಳುವವರು ಬೇಕು, ದುಡ್ಡಿನ ಮಾತು ಹೇಗೆ ತೆಗೆಯೋದು ಅಂತ ಕೇಳಿದ್ದೀರಿ. ಮೊದಲ ಫೋನಿನಲ್ಲೇ ತೆಗೆಯಿರಿ. ಗೌರವಧನ ಇಷ್ಟು, ಕಾರಿನ ಬಾಡಿಗೆ ಬೇರೆ, ಸಮಯ ನಲವತ್ತು ನಿಮಿಷ. ನಾವೊಮ್ಮೆ ಸಂಕೋಚಪಟ್ಟು "ನೋಡೋಣ" ಅಂದುಬಿಟ್ಟಿದ್ದೆವು. ಮಂಗಳೂರಿನಿಂದ ಸ್ವಂತ ಖರ್ಚಿನಲ್ಲಿ ಬಂದವರಿಗೆ ಕೊನೆಗೆ ಸಿಕ್ಕಿದ್ದು ಒಂದು ಶಾಲು, ಹಣ್ಣಿನ ಬುಟ್ಟಿ. ಈಗಲೂ ಅವರು ಎದುರು ಸಿಕ್ಕರೆ ನನಗೆ ನಾಚಿಕೆ.

ಕವಿತೆಗೆ ಒಳ್ಳೆಯ ಕವಿಗಿಂತ ಒಳ್ಳೆಯ ದನಿ ಮುಖ್ಯ. ತಾಳಮದ್ದಳೆಯ ಅರ್ಥಧಾರಿಗಳು (ವೇಷವಿಲ್ಲದೆ ಕೂತು ಯಕ್ಷಗಾನದ ಪಾತ್ರಗಳ ಮಾತಾಡುವವರು) ಸಿಕ್ಕರೆ ಬಿಡಬೇಡಿ, ಮೈಕಿಗೆ ಪಳಗಿದವರು. ಸಭೆಯಲ್ಲಿ ತುಳು, ಮಲಯಾಳ ಮಾತಾಡುವವರೂ ಇರುತ್ತಾರಲ್ವಾ? ಹವ್ಯಕದಲ್ಲಿ "ಕೂಸು" ಅಂದರೆ ಹುಡುಗಿ, "ಮಾಣಿ" ಅಂದರೆ ಹುಡುಗ. ಗೊತ್ತಿಲ್ಲದವರು ಮದುವೆ ಪದ್ಯ ಕೇಳಿ "ಕೂಸಿಗೆ ಮದುವೆಯಾ!" ಅಂತ ಗಾಬರಿಯಾಗುತ್ತಾರೆ. ಪ್ರತಿ ಪದ್ಯಕ್ಕೂ ಮೊದಲು ಎರಡು ಮಾತು ವಿವರಿಸಲು ಹೇಳಿ.

ಇತಿಹಾಸಕ್ಕೆ ಸುಮ್ನೆ "ಕಾಸರಗೋಡಿನ ಇತಿಹಾಸ" ಅಂತ ವಿಷಯ ಕೊಡಬೇಡಿ. ಕೆಳದಿ ನಾಯಕರ ಕಾಲದ ಬೇಕಲ ಕೋಟೆಯಿಂದ ಹೊರಟು ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈ ನಿಮ್ಮ ಕಡೆಯವರೇ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ನಡೆದ, ಅವರಿದ್ದ ಕನ್ನಡ ಹೋರಾಟ ಒಂದನ್ನೇ ಹೇಳಿಸಿ. ಆಗ ನೋಡಿದ ಹಿರಿಯರು ಊರಲ್ಲಿದ್ದರೆ ಅವರಿಗೂ ಹತ್ತು ನಿಮಿಷ ಕೊಡಿ. ಅವರಿಗೂ ಗೌರವಧನದ ಕವರ್ ಇರಲಿ, ಮರೆಯಬೇಡಿ.